ಪುಕ್ಕಟೆ ಬಂದದ್ದರ ಕಾಲಂ: ಚನ್ನಗಿರಿ ಸೀಮೆಯ ಮಕ್ಕಳ ಚಾಕಲೇಟ್ ಲೆಕ್ಕ

ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ ಈಗ ಹೊಸದೇನಲ್ಲ. ಮೆಟ್ರಿಕ್ ಮೇಳ ಎಂದೂ ಕರೆಯುತ್ತಾರೆ. ಮಕ್ಕಳು ಸೊಪ್ಪು, ನಿಂಬೆಹಣ್ಣು, ಮಂಡಕ್ಕಿ, ಮಿರ್ಚಿ ತಂದು ಶಾಲೆಯ ಅಂಗಳದಲ್ಲಿ ಸಾಲಾಗಿ ಕೂರುತ್ತಾರೆ. ಊರವರು ಚೌಕಾಸಿ ಮಾಡಿದಂತೆ ನಟಿಸಿ, ಕೇಳಿದಷ್ಟು ಕೊಟ್ಟು ಕೊಳ್ಳುತ್ತಾರೆ. ಸಂಜೆ ಯಾರಿಗೆ ಎಷ್ಟು ಲಾಭ ಎಂದು ಮೈಕಿನಲ್ಲಿ ಕೂಗುತ್ತಾರೆ. ದಾವಣಗೆರೆಯಲ್ಲಿ ವಾಣಿಜ್ಯಶಾಸ್ತ್ರ ಕಲಿಸುವ ನನಗೆ ಆ ಕೊನೆಯ ಕೂಗಿನ ಮೇಲೆ ಮೊದಲಿನಿಂದಲೂ ಅನುಮಾನ. ಸೊಪ್ಪು ಹಿತ್ತಲಿನದು, ಕಿತ್ತು ಕಟ್ಟಿದವಳು ಅಜ್ಜಿ, ಬುಟ್ಟಿ ಪಕ್ಕದ ಮನೆಯದು. ಮಾರಿ ಬಂದ ಇನ್ನೂರು ರೂಪಾಯಿಯಷ್ಟೂ ಲಾಭ ಎಂದು ಹುಡುಗ ಬರೆದುಕೊಳ್ಳುತ್ತಾನೆ. ಅವನನ್ನು ಯಾರೂ ತಿದ್ದುವುದಿಲ್ಲ, ಚಪ್ಪಾಳೆ ತಟ್ಟುತ್ತಾರೆ.

ಪಟ್ಟಣದ ಖಾಸಗಿ ಶಾಲೆಗಳ 'ಪುಟ್ಟ ಉದ್ಯಮಿ' ಸ್ಪರ್ಧೆಗಳ ಕಥೆಯೂ ಇದೇ. ಅಲ್ಲಿ ಅಜ್ಜಿಯ ಬದಲು ಅಪ್ಪನ ಕ್ರೆಡಿಟ್ ಕಾರ್ಡ್ ಇರುತ್ತದೆ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಚನ್ನಗಿರಿ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರು, ಆರು ಮತ್ತು ಏಳನೇ ತರಗತಿಯ ಮಕ್ಕಳು ಈ ಸಲದ ಸಂತೆಗೆ ಕೋಕೋ ಮರದ ಕಾಯಿಯಿಂದಲೇ ಚಾಕಲೇಟ್ ಮಾಡುತ್ತಾರಂತೆ, ಲೆಕ್ಕ ಬರೆಯಲು ಯಾರಾದರೂ ಬೇಕು ಎಂದಾಗ ಒಪ್ಪಿಕೊಂಡೆ. ಇದು 2024–25ನೇ ಶೈಕ್ಷಣಿಕ ವರ್ಷದ ಮಾತು. ಶಾಲೆಯ, ಊರಿನ, ಮಕ್ಕಳ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಕಾಯಿ ಎಲ್ಲಿಂದ ಬಂತು

ಭದ್ರಾ ನಾಲೆಯ ನೀರು ಹರಿಯುವ ಈ ಸೀಮೆ ಪೂರ್ತಿ ಅಡಿಕೆಯದು. ರಾಶಿ ಅಡಿಕೆ ಕ್ವಿಂಟಾಲ್‌ಗೆ ಎಷ್ಟು ನಡೆದಿದೆ ಎಂದು ಕೇಳಿದರೆ ಐದನೇ ತರಗತಿಯ ಮಗುವೂ ತಡವರಿಸದೆ ಹೇಳುತ್ತದೆ. ಕೋಕೋ ಮಾತ್ರ ಇಲ್ಲಿ ಅಪರೂಪ. ಶಾಲೆಯ ಹಿಂದಿನ ತೋಟವೊಂದರಲ್ಲಿ, ಮಾಲೀಕರ ತಂದೆ ಅಡಿಕೆಯ ನಡುವೆ ಅಂತರ ಬೆಳೆಯಾಗಿ ಹಾಕಿದ್ದ ಕೆಲವು ಗಿಡಗಳು ಉಳಿದಿದ್ದವು. ಹತ್ತಿರದಲ್ಲಿ ಕೊಳ್ಳುವವರಿಲ್ಲದೆ ಕಾಯಿಯೆಲ್ಲ ಅಳಿಲು, ಮಂಗಗಳ ಪಾಲಾಗುತ್ತಿತ್ತು. ಬೇಕಾದಷ್ಟು ಕಿತ್ತುಕೊಳ್ಳಿ ಎಂದರು ಮಾಲೀಕರು.

ಕೊಳ್ಳುವವರಿಲ್ಲದ ಬೆಳೆ ಎಂಬುದು ಕರಾವಳಿಗೂ ಒಮ್ಮೆ ಬಂದ ಕಷ್ಟ. 1980ರ ದಶಕದ ಆರಂಭದಲ್ಲಿ ಕೋಕೋ ಬೆಲೆ ಕುಸಿದು ಖಾಸಗಿ ಖರೀದಿದಾರರು ಹಿಂದೆ ಸರಿದಾಗ, 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ್ದ ಕ್ಯಾಂಪ್ಕೋ ಸಹಕಾರ ಸಂಸ್ಥೆ ಕೋಕೋ ಖರೀದಿಗೂ ಇಳಿಯಿತು. ಕೊಂಡದ್ದನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರವಾಗಿ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ಎದ್ದಿತು. ಮುಖ್ಯ ಶಿಕ್ಷಕರು ತರಗತಿಯಲ್ಲಿ ಕೋಕೋ ಪಾಠ ಆರಂಭಿಸಿದ್ದು ಈ ಕಥೆಯಿಂದ. ಅಮೆಜಾನ್ ಕಾಡು, ಮೆಕ್ಸಿಕೋ ಎಲ್ಲ ಆಮೇಲೆ ಬಂದವು. ಅಡಿಕೆ ಸೊಸೈಟಿಯ ಷೇರುದಾರರ ಮಕ್ಕಳಿಗೆ ಸೊಸೈಟಿಯ ಕಥೆ ತಟ್ಟನೆ ಅರ್ಥವಾಗುತ್ತದೆ ಎಂಬ ಅವರ ಎಣಿಕೆ ಸರಿಯಾಗಿತ್ತು.

ಮೆಕ್ಸಿಕೋ ಬಂದಾಗ ತರಗತಿ ಗದ್ದಲವಾಯಿತು. ಅಲ್ಲಿ ಕೋಕೋ ಬೀಜವೇ ಚಿಲ್ಲರೆ ಹಣವಾಗಿತ್ತು. 1545ರ ತ್ಲಾಶ್ಕಾಲಾ ಪಟ್ಟಣದ ದರಪಟ್ಟಿಯೊಂದು ಇಂದಿಗೂ ಉಳಿದಿದೆ: ಒಳ್ಳೆಯ ಹೆಣ್ಣು ಟರ್ಕಿ ಕೋಳಿಗೆ 100 ಬೀಜ, ಅದರ ಮೊಟ್ಟೆಗೆ 3, ದೊಡ್ಡ ಟೊಮೆಟೊ ಒಂದಕ್ಕೆ 1. ಮಕ್ಕಳು ಒಣ ಬೀಜ ಹಂಚಿಕೊಂಡು ಪೆನ್ಸಿಲ್, ರಬ್ಬರ್, ಪೇರಲಹಣ್ಣಿನ ವ್ಯಾಪಾರಕ್ಕೆ ಕುಳಿತರು. ಸ್ವಲ್ಪ ಹೊತ್ತಿನಲ್ಲೇ ಹುಣಸೆ ಬೀಜಕ್ಕೆ ಕೆಮ್ಮಣ್ಣು ಮೆತ್ತಿದ ಖೋಟಾ ನಾಣ್ಯಗಳು ಚಲಾವಣೆಗೆ ಬಂದವು. ಮೆಕ್ಸಿಕೋದಲ್ಲೂ ಸಿಪ್ಪೆಯೊಳಗೆ ಮಣ್ಣು ತುಂಬಿ ಮೋಸ ಮಾಡುತ್ತಿದ್ದರೆಂದು ಸ್ಪೇನಿನವರು ಬರೆದಿಟ್ಟಿದ್ದಾರೆ. ಶಿಕ್ಷಕರು ಅದನ್ನು ಇನ್ನೂ ಹೇಳಿರಲಿಲ್ಲ.

ಆ ದಿನದ ಮನೆಗೆಲಸ ನನಗೆ ಇಷ್ಟವಾಯಿತು: ನಿಮ್ಮ ಮನೆಯ ಅಡುಗೆಮನೆಯಲ್ಲಿ ಅಮೆರಿಕ ಖಂಡಗಳಿಂದ ಬಂದದ್ದು ಏನೇನಿದೆ? ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಶೇಂಗಾ, ಪಪ್ಪಾಯಿ, ಗೋಡಂಬಿ, ಜೊತೆಗೆ ಜಿಲ್ಲೆಯ ಹೊಲಗಳನ್ನೆಲ್ಲ ಆವರಿಸಿರುವ ಮೆಕ್ಕೆಜೋಳ. ಮಂಡಕ್ಕಿಯ ಜೊತೆಗಿನ ಮಿರ್ಚಿಯೂ ಹಡಗು ಹತ್ತಿ ಬಂದದ್ದು ಎಂದಾಗ, ಹಾಗಾದರೆ ಅದಕ್ಕೂ ಮೊದಲು ಮಂಡಕ್ಕಿಗೆ ಏನು ನೆಂಜಿಕೊಳ್ಳುತ್ತಿದ್ದರು ಎಂದು ಒಬ್ಬ ಹುಡುಗ ಬಹಳ ಚಿಂತೆಯಿಂದ ಕೇಳಿದ.

ಮಾಡಿದ ಬಗೆ

ಕಾಯಿ ಒಡೆಯಲು ಕತ್ತಿ, ಕುಡಗೋಲು ಬೇಡ, ಮರದ ಕೊಡತಿಯಿಂದ ಬಡಿಯಿರಿ ಎಂದು ಮುಖ್ಯ ಶಿಕ್ಷಕರು ಮೊದಲ ದಿನವೇ ಕಟ್ಟುನಿಟ್ಟು ಮಾಡಿದರು. ಅದಕ್ಕೆ ಕಾರಣ ಮಕ್ಕಳಿಗೆ ಬಹಳ ದಿನಗಳ ಮೇಲೆ ತಿಳಿಯಿತು. ಒಂದು ಕಾಯಿಯಲ್ಲಿ ಮೂವತ್ತರಿಂದ ನಲವತ್ತು ಬೀಜ, ಸುತ್ತ ಸೀತಾಫಲದಂತೆ ಬಿಳಿಯ ತಿರುಳು. ಅರ್ಧಕ್ಕರ್ಧ ಮಕ್ಕಳು ತಿರುಳನ್ನು ಚೀಪಿ ಬೀಜ ಉಗುಳಿದ್ದರಿಂದ ಮೊದಲ ಬುಟ್ಟಿ ಹುಳಿಯಲು ಇಡುವಷ್ಟರಲ್ಲೇ ಸೊರಗಿತು.

ಹುಳಿಯುವುದೇ ಇಲ್ಲಿ ಮುಖ್ಯ. ತಿರುಳಿನ ಸಕ್ಕರೆಯನ್ನು ಯೀಸ್ಟ್ ಮದ್ಯಸಾರವಾಗಿಸುತ್ತದೆ, ಮದ್ಯಸಾರವನ್ನು ಬ್ಯಾಕ್ಟೀರಿಯಾ ವಿನೆಗರ್ ಆಮ್ಲವಾಗಿಸುತ್ತದೆ, ಆ ಬಿಸಿಗೆ ಮತ್ತು ಆಮ್ಲಕ್ಕೆ ಬೀಜದ ಜೀವ ಹೋಗಿ ಒಳಗೆ ಚಾಕಲೇಟಿನ ರುಚಿಗೆ ಬೇಕಾದ ಸಾಮಗ್ರಿ ಹುಟ್ಟುತ್ತದೆ. ಬೆಂಕಿಯಿಲ್ಲದೆ ರಾಶಿ 45 ಡಿಗ್ರಿ ದಾಟಬೇಕು. ಬಾಳೆಎಲೆ ಹಾಸಿದ ಬುಟ್ಟಿಯಲ್ಲಿಟ್ಟ ಮೊದಲ ರಾಶಿ 36ಕ್ಕೇ ನಿಂತಿತು. ದೊಡ್ಡ ರಾಶಿ ತನ್ನ ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಐದಾರು ಕಿಲೋದ ರಾಶಿಗೆ ಆ ಶಕ್ತಿಯಿಲ್ಲ. ಒಣಗಿದ ಮೇಲೆ ಬೀಜ ಸೀಳಿ ನೋಡಿದರೆ ಒಳಗೆ ಕಂದು ಬಣ್ಣದ ಬದಲು ನೇರಳೆ. ಅಗಿದವರೆಲ್ಲ ಮುಖ ಕಿವುಚಿದರು.

ಎರಡನೇ ಸಲ ಐವತ್ತು ಕಾಯಿ ಒಡೆದು, ಔಷಧ ಅಂಗಡಿಯಿಂದ ತಂದ ಥರ್ಮೋಕಾಲ್ ಪೆಟ್ಟಿಗೆಯಲ್ಲಿ ಬಾಳೆಎಲೆ ಸುತ್ತಿಟ್ಟು, ಮೇಲೆ ಗೋಣಿಚೀಲ ಹೊದಿಸಿದರು. ದಿನ ಬಿಟ್ಟು ದಿನ ಮಗುಚಿದರು. ಮೂರನೇ ದಿನ ಮುಚ್ಚಳ ತೆಗೆದಾಗ ಮೂಗಿಗೆ ಬಡಿದ ಹುಳಿ ವಾಸನೆಗೆ ಎಲ್ಲರೂ ಹಿಂದೆ ಸರಿದರು. ವಿಜ್ಞಾನ ಕಿಟ್‌ನ ತಾಪಮಾಪಕ ಹಿಡಿದ ಹುಡುಗಿ ಮಾತ್ರ ಮೂಗು ಮುಚ್ಚಿಕೊಂಡೇ ಬಗ್ಗಿ 46 ಎಂದು ಕೂಗಿದಳು. ಬೆಂಕಿ ಹಚ್ಚದೆ ಬಿಸಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅವಳ ತರಗತಿಯ ಪಠ್ಯದಲ್ಲಿ ಉತ್ತರವಿದೆ. ಕೈ ಸುಡುವ ಉತ್ತರ ಬೇರೆಯೇ.

ಆರನೇ ದಿನದಿಂದ ಒಣಗಿಸುವ ಕೆಲಸ. ಇದನ್ನು ಹೇಳಿಕೊಡಬೇಕಾಗಿ ಬರಲಿಲ್ಲ. ಅಡಿಕೆ ಹರವಿ, ತಿರುವಿ, ಮೋಡ ಕಂಡೊಡನೆ ಬಾಚಿ ಒಳಗಿಟ್ಟು ಬೆಳೆದ ಮಕ್ಕಳು ಅವರು. ಹುರಿಯುವುದನ್ನು ಬಾಣಲೆಯಲ್ಲಿ ಶೇಂಗಾ ಹುರಿದ ಹಾಗೆಯೇ, ಸಣ್ಣ ಉರಿಯಲ್ಲಿ ಮಾಡಿದರು. ಸಿಪ್ಪೆ ಬಿಡಿಸಿ ಮೊರದಲ್ಲಿ ಕೇರುವಾಗ ಮಕ್ಕಳಿಂದ ಆಗಲಿಲ್ಲ, ಸಿಪ್ಪೆಯ ಜೊತೆ ಬೀಜದ ಒಳಗಿನ ತಿರುಳೂ ಹಾರಿತು. ಮೂವರು ತಾಯಂದಿರು ಬಂದು ಕುಳಿತರು. ಎರಡು ಕಿಲೋ ಒಣ ಬೀಜಕ್ಕೆ ಒಂದೂವರೆ ಕಿಲೋ ತಿರುಳು ಸಿಕ್ಕಿತು.

ಅರೆಯಲು ಮನೆಯ ವೆಟ್ ಗ್ರೈಂಡರ್. ಇದನ್ನು ಬಡತನದ ಉಪಾಯ ಎಂದುಕೊಳ್ಳಬೇಡಿ. ಜಗತ್ತಿನ ಅನೇಕ ಸಣ್ಣ ಚಾಕಲೇಟ್ ತಯಾರಕರು ಬಳಸುವ ಅರೆಯುವ ಯಂತ್ರ ನಮ್ಮ ದಕ್ಷಿಣ ಭಾರತದ ದೋಸೆ ಹಿಟ್ಟಿನ ಗ್ರೈಂಡರ್‌ನಿಂದಲೇ ರೂಪುಗೊಂಡದ್ದು. ಆದರೆ ಹಿಟ್ಟಿಗೂ ಚಾಕಲೇಟಿಗೂ ಒಂದು ವಿಷಯದಲ್ಲಿ ಬದ್ಧ ವೈರ: ನೀರು. ತೊಳೆದು ಒರೆಸಿದ್ದ ಕಲ್ಲಿನಲ್ಲಿ ಉಳಿದ ತೇವಕ್ಕೆ ಮೊದಲ ಹಿಡಿ ತಿರುಳು ಗಂಟುಗಂಟಾಗಿ ಬಿಗಿದುಕೊಂಡಿತು. ಕಲ್ಲನ್ನು ಬಿಸಿಲಿಗಿಟ್ಟು ಒಣಗಿಸಿ ಮತ್ತೆ ಶುರು ಮಾಡಿದರು. ಸಕ್ಕರೆ ಬೇಡ, ಬೆಲ್ಲ ಹಾಕೋಣ ಎಂದು ಒಂದು ಗುಂಪು ಹಟ ಹಿಡಿದದ್ದಕ್ಕೆ ಸಣ್ಣ ಪಾತ್ರೆಯಲ್ಲಿ ಪರೀಕ್ಷೆಯೂ ನಡೆಯಿತು. ಬೆಲ್ಲದ ತೇವಕ್ಕೆ ಅದೂ ಗಟ್ಟಿಯಾಯಿತು, ಅದನ್ನು ಹುರಿದ ಶೇಂಗಾ ಜೊತೆ ಕಲಸಿ ಉಂಡೆ ಕಟ್ಟಿ ತಿಂದುಬಿಟ್ಟರು. ಈ ಉಂಡೆಯ ಮಾತು ಮುಂದೆ ಬರುತ್ತದೆ.

ಗ್ರೈಂಡರ್ ಸುಮಾರು ಮೂವತ್ತು ಗಂಟೆ ತಿರುಗಿತು. ಮೋಟಾರು ಬಿಸಿಯಾದಾಗ, ಕರೆಂಟು ಹೋದಾಗ ಬಿಡುವು. ಹಿಟ್ಟು ರುಬ್ಬುವುದನ್ನು ಮನೆಯಲ್ಲಿ ಎಂದೂ ಮಾಡದ ಹುಡುಗರು ಇಲ್ಲಿ ಗ್ರೈಂಡರ್ ಬಿಟ್ಟು ಕದಲಲಿಲ್ಲ. ಯಂತ್ರ ಎಂದ ಕೂಡಲೇ ಅದು ಗಂಡಸರ ಕೆಲಸವಾಗುವ ಬಗೆ ಹೇಗೋ.

ತಣಿಸಿ ಅಚ್ಚು ಹಾಕುವ ಹಂತದಲ್ಲಿ ಅವರಿಗೆ ಅರ್ಧ ಯಶಸ್ಸು. ಕೋಕೋ ಬೆಣ್ಣೆ, ಅಂದರೆ ಬೀಜದಲ್ಲೇ ಇರುವ ಕೊಬ್ಬು, ಆರು ಬಗೆಯ ಹರಳಾಗಿ ಗಟ್ಟಿಯಾಗಬಲ್ಲದು, ಅದರಲ್ಲಿ ಐದನೆಯದು ಮಾತ್ರ ಹೊಳಪು, ಟಪ್ಪೆಂದು ಮುರಿಯುವ ಗುಣ ಕೊಡುತ್ತದೆ. ಅದಕ್ಕಾಗಿ 45 ಡಿಗ್ರಿಗೆ ಕರಗಿಸಿ, 27ರ ಆಸುಪಾಸಿಗೆ ಇಳಿಸಿ, ಮತ್ತೆ 31ಕ್ಕೆ ಏರಿಸಬೇಕು. ತಟ್ಟೆಗೆ ಸುರಿದು ಬರ್ಫಿಯ ಹಾಗೆ ಕತ್ತರಿಸಿದ ತುಂಡುಗಳ ಮೇಲೆ ಮರುದಿನ ಬಿಳಿ ಗೆರೆ ಎದ್ದಿತ್ತು. ಬೂಷ್ಟು ಹಿಡಿದಿದೆ ಎಂದು ಜನ ಮುಟ್ಟಲಾರರು ಎಂಬ ಭಯಕ್ಕೆ ಮಕ್ಕಳು ರಟ್ಟಿನ ಮೇಲೆ ಬರೆದರು: 'ಇದು ಬೂಷ್ಟಲ್ಲ, ಕೋಕೋ ಬೆಣ್ಣೆ.' ಬೆಣ್ಣೆದೋಸೆಯ ಜಿಲ್ಲೆಯಲ್ಲಿ ಆ ಫಲಕ ಕೆಲಸ ಮಾಡಿತು.

ಲೆಕ್ಕ

ಫೆಬ್ರವರಿಯ ಸಂತೆಯಲ್ಲಿ 20 ಗ್ರಾಮಿನ 110 ತುಂಡುಗಳನ್ನು ತಲಾ ಹತ್ತು ರೂಪಾಯಿಗೆ ಇಟ್ಟರು. ಹನ್ನೊಂದು ಗಂಟೆಯೊಳಗೆ 70 ಹೋದವು. ಅಷ್ಟರಲ್ಲಿ ಬಿಸಿಲೇರಿತು. ಕೋಕೋ ಬೆಣ್ಣೆ 34 ಡಿಗ್ರಿಯ ಹೊತ್ತಿಗೆ ಕರಗಿಹೋಗುತ್ತದೆ, ಬಾಯಿಗಿಟ್ಟೊಡನೆ ಕರಗುವುದೂ ಅದೇ ಕಾರಣಕ್ಕೆ. ನಮ್ಮ ಸೀಮೆಯ ಮಧ್ಯಾಹ್ನಕ್ಕೆ ಬಾಯಿಯ ಹಂಗೇ ಬೇಕಾಗಲಿಲ್ಲ. ಉಳಿದ 40 ತುಂಡು ಮೆತ್ತಗಾಗಿ ಐದು ರೂಪಾಯಿಗೆ ಬಿಕರಿಯಾದವು. ಒಟ್ಟು 900 ರೂಪಾಯಿ.

ಖರ್ಚು: ಸಕ್ಕರೆ 45, ಗ್ಯಾಸ್ 60, ವಿದ್ಯುತ್ 30, ಬೆಣ್ಣೆ ಕಾಗದ ಮತ್ತು ಹಾಳೆ 150. ಒಟ್ಟು 285. ಲಾಭ 615 ರೂಪಾಯಿ. ಮೈಕಿನಲ್ಲಿ ಕೂಗಿಯೂ ಆಯಿತು.

ಸೋಮವಾರ ನಾನು ಕಪ್ಪುಹಲಗೆಯ ಮೇಲೆ ಅದೇ ಲೆಕ್ಕ ಬರೆದು, ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು 'ಪುಕ್ಕಟೆ ಬಂದದ್ದು' ಎಂದು ತಲೆಬರಹ ಕೊಟ್ಟೆ. ಮಾಡಿದ ಕೆಲಸ ಅಷ್ಟೇ, ಉಳಿದದ್ದನ್ನು ಮಕ್ಕಳೇ ತುಂಬಿದರು. ಮೊದಲು ಕಾಯಿ. ಆಮೇಲೆ ಗ್ರೈಂಡರ್, ಥರ್ಮೋಕಾಲ್ ಪೆಟ್ಟಿಗೆ, ಶಾಲೆಯ ಪಾತ್ರೆ, ಅಂಗಳದ ಜಾಗ. ತಾಯಂದಿರು ಕೇರಿದ್ದು ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಹೇಳಿದಳು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. 'ಹಾಗಾದರೆ ನಾವು?' ಎಂದು ಇನ್ನೊಬ್ಬ ಕೇಳಿದ.

ಒಣ ಬೀಜಕ್ಕೆ ಕಿಲೋಗೆ 500 ರೂಪಾಯಿ ಎಂದು ಹಿಡಿದೆವು, ಎರಡು ಕಿಲೋಗೆ ಸಾವಿರ. ಲಾಭ ಅಲ್ಲಿಗೇ ಮುಗಿದು 385 ರೂಪಾಯಿ ನಷ್ಟ ಬಂತು. ಕಾಯಿ ಒಡೆದದ್ದು, ಮಗುಚಿದ್ದು, ಮಂಗ ಕಾಯ್ದದ್ದು, ಸುಲಿದದ್ದು, ಕೇರಿದ್ದು, ಸುತ್ತಿದ್ದು, ಮಾರಿದ್ದು ಎಲ್ಲ ಸೇರಿ 60 ಗಂಟೆ ಎಂದು ಗುಂಪುಗಳು ಜಗಳವಾಡಿ ಒಪ್ಪಿಕೊಂಡವು. ಕೂಲಿ ಎಷ್ಟು? ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಸರ್ಕಾರಿ ದರ ಉದ್ಯೋಗ ಖಾತ್ರಿಯದು, ಆ ವರ್ಷ ದಿನಕ್ಕೆ 349 ರೂಪಾಯಿ. ಎಂಟು ಗಂಟೆಗೆ ಒಂದು ದಿನದಂತೆ ಏಳೂವರೆ ದಿನ, 2,617 ರೂಪಾಯಿ. ಎಲ್ಲ ಕೂಡಿದರೆ 3,902. ತುಂಡೊಂದಕ್ಕೆ 35 ರೂಪಾಯಿ 50 ಪೈಸೆ ಹತ್ತಿರ ಬಿತ್ತು. ಹತ್ತಕ್ಕೆ ಮಾರಿದ್ದರು.

ಮಕ್ಕಳ ಕೆಲಸಕ್ಕೆ ಕೂಲಿ ಹಿಡಿಯುವುದು ಸರಿಯಲ್ಲ, ಕಲಿಕೆಗೆ ಬೆಲೆ ಕಟ್ಟಿದಂತಾಗುತ್ತದೆ ಎಂದು ಒಬ್ಬ ಶಿಕ್ಷಕಿ ಆಕ್ಷೇಪಿಸಿದರು. ತೂಕದ ಮಾತೇ. ಆದರೆ ಬೆಲೆ ಬರೆಯದಿದ್ದರೆ ಆ ಕೆಲಸ ನಡೆದೇ ಇಲ್ಲ ಎಂದಾಗುತ್ತದೆ, ಮತ್ತು ಜಗತ್ತಿನ ಚಾಕಲೇಟು ಅಗ್ಗವಾಗಿರುವುದು ಬಹುಮಟ್ಟಿಗೆ ಅಂಥ ಬರೆಯದ ಕೆಲಸದಿಂದಲೇ ಎಂಬುದು ನನ್ನ ನಿಲುವು. ಮೊತ್ತವನ್ನು ಪೆನ್ಸಿಲ್‌ನಲ್ಲಿ ಬರೆಯುವುದೆಂದು ರಾಜಿಯಾಯಿತು.

ಅಂಗಡಿಯವನು ಹತ್ತಕ್ಕೆ ಹೇಗೆ ಕೊಡುತ್ತಾನೆ?

ಈ ಪ್ರಶ್ನೆ ನಾವು ಕೇಳದೆಯೇ ಬಂತು. ಅಂಗಡಿಯ ಹತ್ತು ರೂಪಾಯಿ ಚಾಕಲೇಟ್‌ಗಳ ಹೊದಿಕೆಗಳನ್ನು ಮಕ್ಕಳು ಮರುದಿನ ಕಸದಿಂದ ಹೆಕ್ಕಿ ತಂದರು. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರಬೇಕು ಎಂಬುದು ನಿಯಮ. ಎಲ್ಲದರಲ್ಲೂ ಮೊದಲ ಹೆಸರು ಸಕ್ಕರೆ. ಕೆಲವದರಲ್ಲಿ ಕೋಕೋ ಬೆಣ್ಣೆಯೇ ಇಲ್ಲ, ಬದಲಿಗೆ ಸಸ್ಯಜನ್ಯ ಕೊಬ್ಬು. ಯಂತ್ರ, ಸಗಟು ಖರೀದಿ, ಸಣ್ಣ ತೂಕ ಎಂದು ಒಂದೊಂದೇ ಕಾರಣ ಸೇರುತ್ತ ಹೋದವು. ಕೊನೆಗೆ ಉಳಿದದ್ದು ಬೀಜ ಬೆಳೆದವನ ಪಾಲು.

ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಪಶ್ಚಿಮ ಆಫ್ರಿಕಾದ ಎರಡು ನೆರೆ ದೇಶಗಳಿಂದ ಬರುತ್ತಿತ್ತು: ಐವರಿ ಕೋಸ್ಟ್ ಮತ್ತು ಘಾನಾ. ಅತಿಮಳೆ, ಕಾಯಿ ಕೊಳೆ, ಗಿಡದ ವೈರಸ್ ರೋಗ ಎಲ್ಲ ಸೇರಿ ಫಸಲು ಕೈಕೊಟ್ಟು, 2024ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಬೆಲೆ ಟನ್‌ಗೆ 10 ಸಾವಿರ ಡಾಲರ್ ದಾಟಿತ್ತು, ಅಂದರೆ ಕಿಲೋಗೆ 830 ರೂಪಾಯಿಗೂ ಹೆಚ್ಚು. ಅದೇ ತಿಂಗಳು ಐವರಿ ಕೋಸ್ಟ್ ಸರ್ಕಾರ ತನ್ನ ರೈತನಿಗೆ ಕಟ್ಟಿದ ದರ ಕಿಲೋಗೆ, ಅಲ್ಲಿನ ಹಣದಲ್ಲಿ, 1,500 ಸಿಎಫ್‌ಎ ಫ್ರಾಂಕ್, ನಮ್ಮ ಲೆಕ್ಕದಲ್ಲಿ ಸುಮಾರು 205 ರೂಪಾಯಿ. ಅದಕ್ಕೂ ಮೊದಲು 1,000 ಇತ್ತು. ಅಲ್ಲಿನ ಸರ್ಕಾರಿ ಕೋಕೋ ಮಂಡಳಿ ಬೆಳೆಯ ಬಹುಪಾಲನ್ನು ಮೊದಲೇ ಮುಂಗಡ ಒಪ್ಪಂದದಲ್ಲಿ ಮಾರಿರುತ್ತದೆ. ಬೆಲೆ ಬಿದ್ದರೆ ರೈತನಿಗೆ ಅದು ಆಸರೆ, ಏರಿದರೆ ಗೋಡೆ.

ಮಕ್ಕಳಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. 'ನಮ್ಮ ಮಾವ ಚೇಣಿಗೆ ಕೊಟ್ಟಮೇಲೆ ಅಡಿಕೆ ರೇಟು ಏರಿತು' ಎಂದ ಒಬ್ಬ. ಬೆಳೆಯುವ ಮೊದಲೇ ಮಾರಿದವನ ಪಾಡು ಅವರಿಗೆ ಮನೆಯ ಜಗುಲಿಯಲ್ಲೇ ಕೇಳಿ ಗೊತ್ತು. ಭೂಪಟದಲ್ಲಿ ಐವರಿ ಕೋಸ್ಟ್ ಎಲ್ಲಿದೆ ಎಂದು ಪರೀಕ್ಷೆಯಲ್ಲಿ ಕೇಳಿದರೆ ಅರ್ಧದಷ್ಟು ಮಕ್ಕಳು ಈಗಲೂ ತಪ್ಪಾಗಿ ಗುರುತಿಸಬಹುದು. ಅಲ್ಲಿನ ರೈತ ಯಾಕೆ ಸಿಟ್ಟಾಗಿದ್ದಾನೆ ಎಂದು ಕೇಳಿದರೆ ತಪ್ಪುವುದಿಲ್ಲ.

ಮುಖ್ಯ ಶಿಕ್ಷಕರು ಕೊಡತಿಯ ಕಾರಣ ಹೇಳಿದ್ದು ಆಗ. ಆ ಎರಡು ದೇಶಗಳ ಕೋಕೋ ಸೀಮೆಯಲ್ಲಿ ಸುಮಾರು 15.6 ಲಕ್ಷ ಮಕ್ಕಳು ಬಾಲಕಾರ್ಮಿಕರಾಗಿ ದುಡಿಯುತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಮಚ್ಚಿನಿಂದ ಕಾಯಿ ಸೀಳುವುದು, ಭಾರ ಹೊರುವುದು, ಕೀಟನಾಶಕದ ನಡುವೆ ಓಡಾಡುವುದು. ದೊಡ್ಡ ಕಂಪನಿಗಳು ಇದರ ಹೀನ ರೂಪಗಳನ್ನು ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದ್ದು 2001ರಲ್ಲಿ.

ಲೆಕ್ಕದ ಪುಸ್ತಕ ಹಿಡಿದಿದ್ದ ಹುಡುಗಿ ಕೈ ಎತ್ತಿದಳು. 'ನಾವು ಮಾಡಿದ್ದೂ ಅದೇ ಅಲ್ಲವೇ ಸಾರ್? ಕೂಲಿಯೂ ಇಲ್ಲ.'

ತರಗತಿ ನಕ್ಕಿತು. ಮುಖ್ಯ ಶಿಕ್ಷಕರು ನಗಲಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿಯ ಸಾರವನ್ನು ಹಲಗೆಯ ಮೇಲೆ ಬರೆದರು: ಹದಿನಾಲ್ಕು ತುಂಬದವರನ್ನು ದುಡಿಮೆಗೆ ಇಟ್ಟುಕೊಳ್ಳುವಂತಿಲ್ಲ. ಅಪಾಯವಿಲ್ಲದ ಮನೆಯ ಕಸುಬಿನಲ್ಲಿ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ನೆರವಾಗಬಹುದು. ನಾವು ಮಾಡಿದ್ದು ಶಾಲೆಯ ವೇಳೆಯ ಕಲಿಕೆ, ಬೇಡವೆಂದರೆ ಬಿಡುವ ಸ್ವಾತಂತ್ರ್ಯ ನಿಮಗಿತ್ತು ಎಂದರು. ಆಗ ಅವಳು ಅಡಿಕೆ ಸುಲಿಯುವ ಕಾಲದ ಬಗ್ಗೆ ಕೇಳಿದಳು. ಡಬ್ಬದ ಲೆಕ್ಕದಲ್ಲಿ ಅಮ್ಮನಿಗೆ ಕೂಲಿ, ರಾತ್ರಿ ಹತ್ತರವರೆಗೆ ಅವಳೂ ಕೂತು ಸುಲಿದರೆ ಡಬ್ಬ ಬೇಗ ತುಂಬುತ್ತದೆ, ಕೂಲಿ ಅಮ್ಮನ ಹೆಸರಿಗೆ. ತೋಟ ಮಾತ್ರ ಅವರದಲ್ಲ. ಇದು ಮನೆಯ ಕಸುಬೋ ಅಲ್ಲವೋ?

ಹಾಜರಿ ಪುಸ್ತಕದಲ್ಲಿ ಅಕ್ಟೋಬರ್, ನವೆಂಬರ್ ತಿಂಗಳ ಖಾಲಿ ಚೌಕಗಳು ಯಾವ ಮಕ್ಕಳವು ಎಂದು ಮುಖ್ಯ ಶಿಕ್ಷಕರಿಗೆ ಗೊತ್ತು. ಅವರು ಉತ್ತರ ಹೇಳದೆ ಅದನ್ನು ಮುಂದಿನ ಪೋಷಕರ ಸಭೆಗೆ ಒಯ್ದರು. ಸಭೆಯಲ್ಲಿ ಮಾತು ಬಿಸಿಯಾಯಿತು. ಊರ ಮರ್ಯಾದೆಯ ಪ್ರಶ್ನೆ ಎತ್ತಿದವರಿದ್ದರು, ಚಾಕಲೇಟ್ ಮಾಡಿಸಿ ಮಕ್ಕಳಿಗೆ ಇಲ್ಲದ್ದನ್ನು ಕಲಿಸಿದ್ದೀರಿ ಎಂದವರೂ ಇದ್ದರು. ಸುಲಿಯುವ ತಿಂಗಳುಗಳಲ್ಲಿ ಸಂಜೆ ಏಳರ ನಂತರ ಮಕ್ಕಳನ್ನು ಕೂರಿಸುವುದಿಲ್ಲ ಎಂದು ಕೆಲವು ಮನೆಯವರು ಒಪ್ಪಿದರು. ಎಲ್ಲರೂ ಒಪ್ಪಲಿಲ್ಲ.

ಬೇರೆ ಶಾಲೆಗಳು ಮಾಡುವುದಾದರೆ

ಎಲ್ಲ ಊರಿನಲ್ಲೂ ಕೋಕೋ ಗಿಡ ಇರುವುದಿಲ್ಲ. ಪೇಟೆಯಿಂದ ಚಾಕಲೇಟ್ ಗಟ್ಟಿ ತಂದು ಕರಗಿಸಿ ಅಚ್ಚು ಹಾಕಿಸುವುದು ಸುಲಭ, ಆದರೆ ಅದರಲ್ಲಿ ಈ ಪ್ರಶ್ನೆಗಳು ಹುಟ್ಟುವುದು ಕಷ್ಟ. ಅದಕ್ಕಿಂತ ಚಳ್ಳಕೆರೆ, ಜಗಳೂರು ಕಡೆಯ ಶಾಲೆಗಳು ಶೇಂಗಾ ಚಿಕ್ಕಿ ಮಾಡಿ, ಹೊಲದಿಂದ ಹಿಡಿದು ಪ್ರತಿ ಗಂಟೆಯನ್ನೂ ಬರೆದರೆ ಹೆಚ್ಚು ಸಿಗುತ್ತದೆ. ಸಂತೆಯನ್ನು ಬೆಳಗಿನ ಎಂಟಕ್ಕೆ ಶುರು ಮಾಡಿ. ಗ್ರೈಂಡರ್ ಕೊಟ್ಟ ಮನೆಗೆ ಹೊಸ ಬೆಲ್ಟ್ ಹಾಕಿಸಿಕೊಡುವ ಖರ್ಚನ್ನೂ ಮರೆಯಬೇಡಿ. ನಮ್ಮ ಲೆಕ್ಕದಲ್ಲಿ ಅದು ಸೇರಿಲ್ಲ, ಬೆಲ್ಟ್ ಹರಿದದ್ದು ಲೆಕ್ಕ ಮುಗಿದ ಮೇಲೆ.

ಕೈಯಲ್ಲಿದ್ದ 615 ರೂಪಾಯಿಯಲ್ಲಿ ಬೆಲ್ಟಿನ ಹಣ ಕಳೆದು ಉಳಿದದ್ದನ್ನು ಮುಂದಿನ ವರ್ಷದ ಬಂಡವಾಳವೆಂದು ಇಟ್ಟರು. ಏಳನೇ ತರಗತಿಯವರು ಶಾಲೆ ಬಿಡುವವರಾದ್ದರಿಂದ ತಮ್ಮ ಪಾಲು ಕೇಳಿದರು. ಐಸ್‌ಕ್ರೀಮ್ ಕೊಡಿಸಿ ಸಮಾಧಾನ ಮಾಡಬೇಕಾಯಿತು.

ಮುಂದಿನ ವರ್ಷಕ್ಕೆ ಗಟ್ಟಿ ಚಾಕಲೇಟ್ ಬೇಡ, ಬೆಲ್ಲ, ಶೇಂಗಾ, ಕೋಕೋ ಕಲಸಿದ ಉಂಡೆ ಸಾಕು, ಬಿಸಿಲಿಗೆ ಕರಗುವುದಿಲ್ಲ, ಬೀಜವೂ ಕಡಿಮೆ ಹಿಡಿಯುತ್ತದೆ ಎಂದು ಆರನೇ ತರಗತಿಯವರ ತೀರ್ಮಾನ. ಆದರೆ ಗೋಡೆಗೆ ಅಂಟಿಸಿದ್ದ ಲೆಕ್ಕವನ್ನು ತೋಟದ ಮಾಲೀಕರೂ ನಿಂತು ಓದಿದ್ದಾರೆ. ತಮ್ಮ ಕಾಯಿಯ ಮುಂದೆ ಸಾವಿರ ರೂಪಾಯಿ ಎಂದು ಬರೆದದ್ದನ್ನು ಕಂಡು, ಇನ್ನು ಮುಂದೆ ಅರ್ಧ ಬೆಲೆಯಾದರೂ ಕೊಡಿ ಎಂದಿದ್ದಾರೆ. ಮಕ್ಕಳು ಕಾಲು ಭಾಗಕ್ಕೆ ಕೇಳಿದ್ದಾರೆ, ಅದನ್ನೂ ಸಂತೆ ಮುಗಿದ ಮೇಲೆ ಕೊಡುವ ಕರಾರಿನಲ್ಲಿ, ಜೊತೆಗೆ ಕಾಯಿಯ ಸಿಪ್ಪೆಯನ್ನೆಲ್ಲ ತೋಟದ ಗೊಬ್ಬರದ ಗುಂಡಿಗೆ ತಾವೇ ಹೊತ್ತು ಹಾಕುವುದಾಗಿ. ಸಿಪ್ಪೆ ಹೊರುವ ಕೂಲಿಯನ್ನು ಯಾರ ಖಾತೆಗೆ ಬರೆಯುವುದು ಎಂಬಲ್ಲಿ ಮಾತುಕತೆ ನಿಂತಿದೆ.